ಮೆದುಳು ತಾನೇ ಹಾಕಿಕೊಳ್ಳುವ ಕಡಿವಾಣ

ಮೊದಲು ಒಂದು ಪ್ರಯೋಗವನ್ನು ಹೇಳಿಬಿಡುತ್ತೇನೆ. ಇಲಿಯ ಮೆದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಹೊಸ ನೆನಪುಗಳು ರೂಪುಗೊಳ್ಳಲು ಬೇಕೇ ಬೇಕಾದ ಜಾಗ ಅದು. ನಮ್ಮ ಮೆದುಳಿನಲ್ಲೂ ಇದೆ. ಅದನ್ನು 400 ಮೈಕ್ರೋಮೀಟರ್, ಅಂದರೆ ಅರ್ಧ ಮಿಲಿಮೀಟರಿಗಿಂತ ತೆಳುವಾದ ಸೀಳುಗಳಾಗಿ ಕತ್ತರಿಸುತ್ತೇವೆ. ಒಂದು ಸೀಳನ್ನು ಲವಣ ಮತ್ತು ಗ್ಲೂಕೋಸ್ ಬೆರೆತ ದ್ರವದಲ್ಲಿಟ್ಟು, ದ್ರವದೊಳಗೆ ಆಮ್ಲಜನಕವನ್ನು ಗುಳ್ಳೆಗುಳ್ಳೆಯಾಗಿ ಬಿಡುತ್ತಿದ್ದರೆ ಅದು ಹಲವು ಗಂಟೆ ಬದುಕಿರುತ್ತದೆ. ಒಂದು ತುದಿಯಲ್ಲಿ ಸಣ್ಣ ತಂತಿಯಿಂದ ವಿದ್ಯುತ್ತಿನ ಪುಟ್ಟ ಮಿಡಿತ ಕೊಡುತ್ತೇವೆ. ಆ ನರತಂತುಗಳು ಹೋಗಿ ಸೇರುವ ಇನ್ನೊಂದು ಜಾಗದಲ್ಲಿ ಕೂದಲಿಗಿಂತ ಸಣ್ಣ ತುದಿಯ ಗಾಜಿನ ಸೂಜಿಯನ್ನಿಟ್ಟು ಉತ್ತರಕ್ಕೆ ಕಾಯುತ್ತೇವೆ. ಪ್ರತಿ 15 ಸೆಕೆಂಡಿಗೊಮ್ಮೆ ಪರದೆಯ ಮೇಲಿನ ಗೆರೆ ಕೆಳಗೆ ಬಾಗಿ ಮತ್ತೆ ಮೇಲೇಳುತ್ತದೆ. ಆ ಬಾಗು ಸಾವಿರಾರು ನರಕೋಶಗಳು ಒಟ್ಟಿಗೆ ಕೊಟ್ಟ ಉತ್ತರ.

ಈಗ ಆಮ್ಲಜನಕವನ್ನು ನಿಲ್ಲಿಸಿ ಅದರ ಬದಲು ಸಾರಜನಕ ಹರಿಸುತ್ತೇವೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಬಾಗು ಕಿರಿದಾಗುತ್ತ ಬರುತ್ತದೆ. ಕೆಲವೇ ನಿಮಿಷಗಳಲ್ಲಿ ಗೆರೆ ಚಪ್ಪಟೆಯಾಗುತ್ತದೆ. ಇದನ್ನು ಮೊದಲ ಬಾರಿ ಕಂಡಾಗ ನಾನು ವಿದ್ಯಾರ್ಥಿನಿ. ಉಸಿರು ಕಟ್ಟಿ ಕೋಶಗಳು ಸತ್ತುಹೋದವು ಎಂದುಕೊಂಡೆ. ನನ್ನ ಮಾರ್ಗದರ್ಶಕರು ಏನೂ ಹೇಳದೆ ಆಮ್ಲಜನಕದ ಕೊಳವೆಯನ್ನು ಮತ್ತೆ ತೆರೆದರು. ನೋಡನೋಡುತ್ತಿದ್ದಂತೆ ಬಾಗು ಮರಳಿತು, ಮೊದಲಿದ್ದಷ್ಟೇ ಆಳಕ್ಕೆ. ಬಳಿಕ ಅವರು ಇನ್ನೊಂದು ಸೀಳನ್ನು ತೆಗೆದುಕೊಂಡು, ದ್ರವಕ್ಕೆ ಡಿಪಿಸಿಪಿಎಕ್ಸ್ ಎಂಬ ರಾಸಾಯನಿಕವನ್ನು ಒಂದಿಷ್ಟು ಬೆರೆಸಿ, ಮತ್ತೆ ಆಮ್ಲಜನಕ ನಿಲ್ಲಿಸಿದರು. ಈ ಸಲ ಸೀಳು ಸುಲಭಕ್ಕೆ ಸುಮ್ಮನಾಗಲಿಲ್ಲ. ಉಸಿರಿಲ್ಲದೆಯೂ ಉತ್ತರ ಕೊಡುತ್ತಲೇ ಹೋಯಿತು.

ಆ ಎರಡನೆಯ ಗೆರೆಯ ಅರ್ಥ ಏನು, ಯೋಚಿಸಿ ನೋಡಿ. ಮೊದಲ ಸೀಳು ಶಕ್ತಿ ಬತ್ತಿ ಮೌನವಾದದ್ದಲ್ಲ. ಉತ್ತರ ಕೊಡುವ ತ್ರಾಣ ಅದಕ್ಕೆ ಇನ್ನೂ ಇತ್ತು. ಆದರೂ ಸುಮ್ಮನಿರು ಎಂಬ ಸೂಚನೆ ಅದರೊಳಗಿಂದಲೇ ಹುಟ್ಟಿ, ಸೀಳು ಆ ಸೂಚನೆಗೆ ತಲೆಬಾಗಿತು. ಸೂಚನೆಯನ್ನು ಹೊತ್ತು ತಂದದ್ದು ಅಡೆನೊಸಿನ್ ಎಂಬ ಸಣ್ಣ ಅಣು. ಅದನ್ನು ಕೇಳಿಸಿಕೊಂಡದ್ದು ನರಕೋಶದ ಪೊರೆಯಲ್ಲಿರುವ ಎ1 ಎಂಬ ಪ್ರೋಟೀನು. ಡಿಪಿಸಿಪಿಎಕ್ಸ್ ಮಾಡಿದ್ದು ಆ ಪ್ರೋಟೀನಿನ ಕಿವಿ ಮುಚ್ಚುವ ಕೆಲಸವನ್ನು ಮಾತ್ರ. ಅಂದಿನಿಂದ ನನ್ನ ಕೆಲಸವೆಲ್ಲ ಈ ಕೇಳಿಸಿಕೊಳ್ಳುವ ಪ್ರೋಟೀನುಗಳ ಸುತ್ತಲೇ ನಡೆದಿದೆ.

ಇಂಗ್ಲಿಷಿನ ರಿಸೆಪ್ಟರ್ ಎಂಬ ಪದಕ್ಕೆ ಕನ್ನಡದಲ್ಲಿ ಗ್ರಾಹಕ ಎಂದೂ ಗ್ರಾಹಿ ಎಂದೂ ಬರೆಯುವುದುಂಟು. ಗ್ರಾಹಕ ಎಂದ ಕೂಡಲೇ ಕೊಳ್ಳಲು ಬಂದವರು ನೆನಪಾಗುವುದರಿಂದ ನಾನು ಗ್ರಾಹಿ ಎನ್ನುತ್ತೇನೆ. ಅದು ಏನನ್ನೂ ಒಳಗೆ ಕೊಂಡೊಯ್ಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಅಣು ಹೊರಗಿನಿಂದ ಬಂದು ಕೂರುತ್ತದೆ, ಗ್ರಾಹಿಯ ಆಕಾರ ತುಸು ಬದಲಾಗುತ್ತದೆ, ಆ ಬದಲಾವಣೆಯನ್ನು ಕೋಶದ ಒಳಗಿರುವ ಜಿ ಪ್ರೋಟೀನು ಗಮನಿಸುತ್ತದೆ. ಅಣು ಹೊರಗೇ ಉಳಿಯುತ್ತದೆ. ಒಳಗೆ ಹೋಗುವುದು ಸುದ್ದಿ ಮಾತ್ರ.

ಅಡೆನೊಸಿನ್ ಎಲ್ಲಿಂದ ಬರುತ್ತದೆ? ಎಟಿಪಿಯ ಹೆಸರನ್ನು ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ. ಕೋಶ ಏನೇ ಕೆಲಸ ಮಾಡಲಿ, ಕೈಯಿಂದ ಖರ್ಚಾಗುವ ದುಡ್ಡು ಅದೇ. ಅಡೆನೊಸಿನ್ ಅಣುವಿಗೆ ಮೂರು ಫಾಸ್ಫೇಟುಗಳನ್ನು ಸಾಲಾಗಿ ಪೋಣಿಸಿದರೆ ಎಟಿಪಿ. ಖರ್ಚಾಗುತ್ತ ಹೋದಂತೆ ಫಾಸ್ಫೇಟುಗಳು ಒಂದೊಂದಾಗಿ ಕಳಚುತ್ತವೆ. ಮೂರೂ ಕಳಚಿದ ಮೇಲೆ ಉಳಿಯುವುದು ಬರಿಯ ಅಡೆನೊಸಿನ್. ಅಂದರೆ ಅಡೆನೊಸಿನ್ ಎಂಬುದು ಖರ್ಚಾದ ಶಕ್ತಿಯ ರಸೀದಿ. ದೇಹದ ತೂಕದಲ್ಲಿ ಶೇ. 2ರಷ್ಟೇ ಇರುವ ಮೆದುಳು ದೇಹದ ಶಕ್ತಿಯಲ್ಲಿ ಶೇ. 20ರಷ್ಟನ್ನು ಖರ್ಚು ಮಾಡುತ್ತದೆ. ಅಲ್ಲಿ ರಸೀದಿಗಳಿಗೆ ಬರವಿಲ್ಲ.

ಇಲ್ಲಿ ಒಂದು ಲೆಕ್ಕವಿದೆ. ನನಗೆ ಬಹಳ ಇಷ್ಟವಾದ ಲೆಕ್ಕ, ದಯವಿಟ್ಟು ನನ್ನೊಂದಿಗೆ ಮಾಡಿ. ಕೋಶದೊಳಗೆ ಎಟಿಪಿ ಮಿಲಿಮೋಲಾರ್ ಪ್ರಮಾಣದಲ್ಲಿರುತ್ತದೆ, ಕೋಶದ ಹೊರಗಿನ ಅಡೆನೊಸಿನ್ ನ್ಯಾನೋಮೋಲಾರ್ ಎಂಬ, ಅದಕ್ಕಿಂತ ತೀರ ಚಿಕ್ಕ ಪ್ರಮಾಣದಲ್ಲಿ. ಅಂದಾಜಿಗೆ ಎಟಿಪಿ 30,000 ಪಾಲು ಇದ್ದರೆ ಅಡೆನೊಸಿನ್ 1 ಪಾಲು ಎಂದಿಟ್ಟುಕೊಳ್ಳೋಣ. ಈಗ ಎಟಿಪಿ ಶೇ. 1ರಷ್ಟು ಮಾತ್ರ ಕುಸಿಯಲಿ. 30,000 ಇದ್ದದ್ದು 29,700 ಆಯಿತು. ಕೋಶಕ್ಕೆ ಅದು ಲೆಕ್ಕಕ್ಕೇ ಇಲ್ಲದ ನಷ್ಟ. ಆದರೆ ಹಾಗೆ ಕಳೆದುಹೋದ 300 ಪಾಲಿನಲ್ಲಿ ಹತ್ತರಲ್ಲೊಂದು ಭಾಗ ಅಡೆನೊಸಿನ್ ಆಗಿ ಹೊರಬಂದರೂ, 1 ಇದ್ದದ್ದು 31 ಆಗುತ್ತದೆ. ಖಜಾನೆಯಲ್ಲಿ ಗೊತ್ತೇ ಆಗದ ಕೊರತೆ, ಹೊರಗೆ ಮೂವತ್ತು ಪಟ್ಟು ಗಟ್ಟಿಯಾದ ಕೂಗು. ಶಕ್ತಿ ಮುಗಿದ ಮೇಲೆ ಕೂಗಿ ಪ್ರಯೋಜನವಿಲ್ಲ, ಮುಗಿಯುವ ಮುನ್ನವೇ ಕೂಗಬೇಕು. ಅದಕ್ಕೆ ಇದಕ್ಕಿಂತ ಸೂಕ್ಷ್ಮವಾದ ಅಳತೆಗೋಲನ್ನು ನನ್ನಿಂದ ಊಹಿಸಲಾಗುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ಕೋಶ ಆ ಮಾತನ್ನು ಪಾಲಿಸುವುದು ಈ ಅಣುವಿನ ಮೂಲಕ. ವಿಜ್ಞಾನಿ ಆಂಡ್ರ್ಯೂ ನ್ಯೂಬಿ 1984ರಲ್ಲಿ ಇದನ್ನು ತಿರುಗೇಟು ಕೊಡುವ ವಸ್ತು ಎಂಬ ಅರ್ಥದ ಹೆಸರಿನಿಂದ ಕರೆದರು. ಅಂಗಾಂಶದ ಮೇಲೆ ಹೊರೆ ಹೆಚ್ಚಾದಾಗ, ಆ ಹೊರೆಯಿಂದಲೇ ಹುಟ್ಟಿ ಹೊರೆಯನ್ನು ಹಿಂದಕ್ಕೆ ತಳ್ಳುವ ವಸ್ತು. ಅದು ಎರಡು ದಾರಿಗಳಲ್ಲಿ ತಳ್ಳುತ್ತದೆ. ರಕ್ತನಾಳಗಳನ್ನು ಹಿಗ್ಗಿಸಿ ಪೂರೈಕೆಯನ್ನು ಹೆಚ್ಚಿಸುತ್ತದೆ, ನರಕೋಶಗಳನ್ನು ಸುಮ್ಮನಾಗಿಸಿ ಬೇಡಿಕೆಯನ್ನು ತಗ್ಗಿಸುತ್ತದೆ.

ಈ ಅಣುವಿನ ಕಥೆ ಮೆದುಳಿನಲ್ಲಿ ಶುರುವಾದದ್ದಲ್ಲ, ಹೃದಯದಲ್ಲಿ. 1929ರಲ್ಲಿ ಕೇಂಬ್ರಿಜ್‌ನಲ್ಲಿ ಆಲನ್ ಡ್ರೂರಿ ಮತ್ತು ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಅಡೆನೊಸಿನ್ ಹಾಗೂ ಅದರ ಬಂಧುಗಳನ್ನು ಪ್ರಾಣಿಗಳ ರಕ್ತಕ್ಕೆ ಸೇರಿಸಿದಾಗ ಹೃದಯದ ಬಡಿತ ನಿಧಾನವಾಯಿತು, ರಕ್ತದೊತ್ತಡ ಇಳಿಯಿತು. ಮುಂದೆ 1937ರಲ್ಲಿ ನೊಬೆಲ್ ಪಡೆದ, ಸಿ ಜೀವಸತ್ವದ ಕೆಲಸದಿಂದ ಹೆಸರಾದ ಸೆಂಟ್-ಗ್ಯೋರ್ಗಿ ಇವರೇ. ಆ ಹಳೆಯ ಶೋಧನೆ ಇಂದಿಗೂ ತುರ್ತು ಚಿಕಿತ್ಸಾ ಕೋಣೆಯಲ್ಲಿ ಜೀವಂತವಾಗಿದೆ. ಹೃದಯ ಒಂದು ಬಗೆಯ ಅತಿವೇಗದ ಬಡಿತಕ್ಕೆ ಸಿಕ್ಕಿಕೊಂಡಾಗ ವೈದ್ಯರು 6 ಮಿಲಿಗ್ರಾಂ ಅಡೆನೊಸಿನ್ ಅನ್ನು ರಭಸದಿಂದ ರಕ್ತನಾಳಕ್ಕೆ ತಳ್ಳುತ್ತಾರೆ. ಸಾಲದಿದ್ದರೆ 12. ಇಸಿಜಿಯ ಗೆರೆ ಕೆಲವು ಕ್ಷಣ ಚಪ್ಪಟೆಯಾಗಿ, ಆಮೇಲೆ ಸರಿಯಾದ ಲಯದಲ್ಲಿ ಮರಳುತ್ತದೆ. ಪ್ರಾಣವೇ ಹೋದಂತಾಯಿತು ಎಂದು ರೋಗಿಗಳು ಆ ಕ್ಷಣಗಳ ಬಗ್ಗೆ ಹೇಳುತ್ತಾರೆ. ರಕ್ತದಲ್ಲಿ ಅಡೆನೊಸಿನ್‌ನ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಲು ಬೇಕಾದ ಹೊತ್ತು, 10 ಸೆಕೆಂಡಿಗಿಂತ ಕಡಿಮೆ, ಹಾಗಾಗಿ ಆ ಅನುಭವ ಬೇಗ ಕಳೆಯುತ್ತದೆ. ಹೃದಯದ ಆ ಗೆರೆಯೂ ನನ್ನ ಸೀಳಿನ ಗೆರೆಯೂ ಚಪ್ಪಟೆಯಾಗುವುದು ಒಂದೇ ಗ್ರಾಹಿಯಿಂದ, ಎ1ನಿಂದ. ಇದನ್ನು ನೆನಪಿನಲ್ಲಿಡಿ, ಮುಂದೆ ಇದೇ ನಮಗೆ ದೊಡ್ಡ ತೊಡಕಾಗುತ್ತದೆ.

ಮೆದುಳಿನ ಕಡೆಗೆ ಬರೋಣ. 1954ರಲ್ಲಿ ಫೆಲ್ಡ್‌ಬರ್ಗ್ ಮತ್ತು ಶೆರ್ವುಡ್ ಬೆಕ್ಕಿನ ಮೆದುಳಿನ ಒಳಗಿನ ದ್ರವಕ್ಕೆ ಅಡೆನೊಸಿನ್ ಸೇರಿಸಿದಾಗ ಬೆಕ್ಕು ನಿದ್ದೆಯಂಥ ಸ್ಥಿತಿಗೆ ಜಾರಿತು. ಅದನ್ನು ಆಗ ಯಾರೂ ಹೆಚ್ಚಾಗಿ ಹಚ್ಚಿಕೊಳ್ಳಲಿಲ್ಲ. ನಿಜವಾದ ತಿರುವು ಬಂದದ್ದು 1970ರಲ್ಲಿ, ಸ್ಯಾಟಿನ್ ಮತ್ತು ರಾಲ್ ಅವರ ಪ್ರಯೋಗದಿಂದ. ಗಿನಿಯಿಲಿಯ ಮೆದುಳಿನ ಸೀಳಿಗೆ ಅಡೆನೊಸಿನ್ ಸೇರಿಸಿದರೆ ಕೋಶಗಳೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಏರುವುದನ್ನು ಅವರು ಕಂಡರು. ಆ ಕಾಲದ ತಿಳಿವಳಿಕೆಯ ಪ್ರಕಾರ ಕೆಫೀನ್ ಮತ್ತು ಅದರ ಸೋದರ ಥಿಯೋಫಿಲಿನ್, ಸೈಕ್ಲಿಕ್ ಎಎಂಪಿಯನ್ನು ಮುರಿಯುವ ಕಿಣ್ವವನ್ನು ತಡೆಯುವ ವಸ್ತುಗಳು. ಹಾಗಿದ್ದರೆ ಥಿಯೋಫಿಲಿನ್ ಬೆರೆಸಿದಾಗ ಅದು ಇನ್ನಷ್ಟು ಏರಬೇಕಿತ್ತು. ಆದದ್ದು ತದ್ವಿರುದ್ಧ, ಅಡೆನೊಸಿನ್‌ನ ಪರಿಣಾಮವೇ ಅಡಗಿಹೋಯಿತು.

ಎಣಿಸಿದ್ದಕ್ಕೆ ಉಲ್ಟಾ ಬಂದ ಫಲಿತಾಂಶವನ್ನು ಏನೋ ತಪ್ಪಾಗಿರಬೇಕು ಎಂದು ಬದಿಗಿಡುವುದು ಸುಲಭ. ಅವರು ಬದಿಗಿಡದೆ ಪ್ರಕಟಿಸಿದರು. ಕೋಶದ ಮೇಲೆ ಅಡೆನೊಸಿನ್‌ಗೆಂದೇ ಒಂದು ಆಸನವಿದೆ, ಈ ವಸ್ತುಗಳು ಆ ಆಸನವನ್ನು ತಾವು ಹಿಡಿದುಕೊಳ್ಳುತ್ತವೆ ಎಂಬುದು ಅದರಿಂದ ಹೊರಬಂದ ಅರ್ಥ. ಕಿಣ್ವವನ್ನು ತಡೆಯಲು ಬೇಕಾದಷ್ಟು ಕೆಫೀನ್ ನಾವು ಕುಡಿಯುವ ಕಾಫಿ, ಚಹಾಗಳಿಂದ ದೇಹಕ್ಕೆ ಸೇರುವುದೇ ಇಲ್ಲ. ಆಸನ ಹಿಡಿಯಲು ಅದಕ್ಕಿಂತ ತೀರ ಕಡಿಮೆ ಸಾಕು.

ಆಸನಗಳೆಷ್ಟು ಎಂಬುದು ತಿಳಿಯಲು ಇನ್ನಷ್ಟು ಕಾಲ ಹಿಡಿಯಿತು. 1970ರ ದಶಕದ ಕೊನೆಗೆ ಎ1 ಮತ್ತು ಎ2 ಎಂಬ ವಿಂಗಡಣೆ ಬಂತು. ಅವುಗಳ ಜೀನ್ ಸಿಕ್ಕ ಬಗೆ ಮಾತ್ರ ವಿಚಿತ್ರ. 1989ರಲ್ಲಿ ಬ್ರಸೆಲ್ಸ್‌ನ ತಂಡವೊಂದು ನಾಯಿಯ ಥೈರಾಯ್ಡ್ ಗ್ರಂಥಿಯಿಂದ ಕೆಲವು ಹೊಸ ಗ್ರಾಹಿಗಳ ಜೀನುಗಳನ್ನು ಹೊರತೆಗೆಯಿತು. ಯಾವ ಅಣುವಿಗೆ ಅವು ಗ್ರಾಹಿಗಳೆಂದು ತಿಳಿಯದ್ದರಿಂದ ಅವು ಅನಾಥ ಗ್ರಾಹಿಗಳು. ಹೆಸರೂ ಇಲ್ಲ, ಆರ್‌ಡಿಸಿ7, ಆರ್‌ಡಿಸಿ8 ಎಂಬ ಸಂಖ್ಯೆಗಳಷ್ಟೇ. ಎರಡು ವರ್ಷಗಳೊಳಗೆ ಗುರುತು ಸಿಕ್ಕಿತು. ಮೊದಲನೆಯದು ಎ1, ಎರಡನೆಯದು ಎ2ಎ. ಇಂದು ನಮಗೆ ಗೊತ್ತಿರುವವು ನಾಲ್ಕು: ಎ1, ಎ2ಎ, ಎ2ಬಿ, ಎ3. ಕೊನೆಯ ಎರಡನ್ನು ನಾನು ಇಂದು ಬಿಟ್ಟುಬಿಡುತ್ತೇನೆ. ಎಂದಿನ ದಿನಗಳಲ್ಲಿ ಮೆದುಳಿನಲ್ಲಿ ದುಡಿಯುವವು ಹೆಚ್ಚಾಗಿ ಮೊದಲಿನ ಎರಡೇ.

ಇವೆರಡೂ ಒಂದೇ ಅಣುವನ್ನು ಕೇಳಿಸಿಕೊಂಡು ಒಂದಕ್ಕೊಂದು ವಿರುದ್ಧವಾದ ಕೆಲಸ ಮಾಡುತ್ತವೆ. ಎ1 ಮೆದುಳಿನ ಬಹುತೇಕ ಎಲ್ಲ ಕಡೆ ಇದೆ. ಹಿಪೊಕ್ಯಾಂಪಸ್, ಮೆದುಳಿನ ಹೊರಪದರ, ಕಿರಿಮೆದುಳುಗಳಲ್ಲಿ ದಟ್ಟವಾಗಿದೆ. ನರಕೋಶ ತನ್ನ ಸಂದೇಶವನ್ನು ಚೆಲ್ಲುವ ತುದಿಯಲ್ಲಿ ಕುಳಿತು ಅಲ್ಲಿಗೆ ಕ್ಯಾಲ್ಸಿಯಂ ನುಗ್ಗದಂತೆ ಹಿಡಿಯುತ್ತದೆ. ಕ್ಯಾಲ್ಸಿಯಂ ಬರದಿದ್ದರೆ ಸಂದೇಶ ಚೆಲ್ಲುವುದಿಲ್ಲ. ಸಂದೇಶ ತಲುಪುವ ಬದಿಯಲ್ಲಿ ಪೊಟ್ಯಾಸಿಯಂ ದ್ವಾರಗಳನ್ನು ತೆರೆದು ಕೋಶವನ್ನು ತಣ್ಣಗಾಗಿಸುತ್ತದೆ. ಕುದುರೆಯ ಬಾಯಿಗೆ ಕಡಿವಾಣ ಹಾಕಿದಂತೆ. ಎ2ಎ ಹಾಗಲ್ಲ. ಅದು ಕೋಶದೊಳಗೆ ಸೈಕ್ಲಿಕ್ ಎಎಂಪಿಯನ್ನು ಏರಿಸಿ ಕೋಶವನ್ನು ಹುರಿದುಂಬಿಸುತ್ತದೆ. ಅದು ಎಲ್ಲೆಡೆಯೂ ಇಲ್ಲ, ಮೆದುಳಿನ ನಡುವೆ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಗುಂಪುಗಟ್ಟಿದೆ. ನಾನು ಇಷ್ಟು ವರ್ಷ ಈ ಗ್ರಾಹಿಗಳ ಜೊತೆ ಕಳೆದು ನಂಬಿಕೊಂಡಿರುವುದು ಇದನ್ನೇ. ಅಡೆನೊಸಿನ್ ಏನು ಮಾಡುತ್ತದೆ ಎಂದು ಕೇಳುವುದರಲ್ಲಿ ಹುರುಳಿಲ್ಲ. ಎಲ್ಲಿ, ಯಾವ ಕೋಶದ ಮೇಲೆ, ಯಾವ ಗ್ರಾಹಿ ಅದನ್ನು ಕೇಳಿಸಿಕೊಂಡಿತು ಎಂದು ಕೇಳಬೇಕು.

ನಿದ್ದೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅಡೆನೊಸಿನ್ ನಿದ್ದೆಯ ಅಣು ಎಂದು ನೀವು ಓದಿರುತ್ತೀರಿ. 1997ರಲ್ಲಿ ಪೋರ್ಕಾ-ಹೈಸ್ಕನೆನ್ ಮತ್ತು ಸಂಗಡಿಗರು ಬೆಕ್ಕುಗಳನ್ನು ಆರು ಗಂಟೆ ಎಚ್ಚರವಾಗಿರಿಸಿ, ಮುಮ್ಮೆದುಳಿನ ತಳಭಾಗದಿಂದ ಸೂಕ್ಷ್ಮ ಕೊಳವೆಯ ಮೂಲಕ ದ್ರವ ಸಂಗ್ರಹಿಸಿ ಅಳೆದರು. ಎಚ್ಚರ ಉದ್ದವಾದಷ್ಟೂ ಅಡೆನೊಸಿನ್ ಏರುತ್ತ ಹೋಯಿತು, ನಿದ್ದೆ ಮಾಡಲು ಬಿಟ್ಟಾಗ ಇಳಿಯಿತು. ಮನುಷ್ಯರಲ್ಲೂ ಇದರ ಗುರುತುಗಳು ಸಿಕ್ಕಿವೆ. 52 ಗಂಟೆ ಎಚ್ಚರವಿದ್ದವರ ಮೆದುಳನ್ನು ಪೆಟ್ ಸ್ಕ್ಯಾನ್ ಮಾಡಿದ ಜರ್ಮನಿಯ ಸಂಶೋಧಕರು ಎ1 ಗ್ರಾಹಿಗಳ ಲಭ್ಯತೆ ಹೆಚ್ಚಿದ್ದನ್ನೂ, ದೀರ್ಘ ನಿದ್ದೆಯ ನಂತರ ಅದು ಮೊದಲಿನ ಮಟ್ಟಕ್ಕೆ ಇಳಿದದ್ದನ್ನೂ 2017ರಲ್ಲಿ ತೋರಿಸಿದರು.

ಇಷ್ಟು ಕೇಳಿದ ಮೇಲೆ ಎ1 ಗ್ರಾಹಿಯನ್ನು ತಡೆಯುವುದರಿಂದಲೇ ಕೆಫೀನ್ ನಮ್ಮನ್ನು ಎಚ್ಚರವಾಗಿಡುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. 2005ರಲ್ಲಿ ಹುವಾಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಆ ಊಹೆಯನ್ನು ತಲೆಕೆಳಗು ಮಾಡಿತು. ಎ1 ಗ್ರಾಹಿಯೇ ಇಲ್ಲದೆ ಹುಟ್ಟಿದ ಇಲಿಗಳಿಗೆ ಕೆಫೀನ್ ಕೊಟ್ಟರು, ಅವು ಎಂದಿನಂತೆ ಎಚ್ಚರಗೊಂಡವು. ಎ2ಎ ಇಲ್ಲದ ಇಲಿಗಳಿಗೆ ಕೊಟ್ಟರು, ಅವುಗಳ ನಿದ್ದೆ ಕದಲಲಿಲ್ಲ. ಮುಂದೆ 2011ರಲ್ಲಿ ಲಜರಸ್ ಮತ್ತು ಸಂಗಡಿಗರು ಜಾಗವನ್ನೂ ಗುರುತಿಸಿದರು. ಸ್ಟ್ರಯೇಟಮ್‌ನ ತಳದಲ್ಲಿ, ನಮ್ಮ ಆಸೆ ಆಸಕ್ತಿಗಳಿಗೆ ಚಾಲನೆ ಕೊಡುವ ಅಕ್ಯುಂಬೆನ್ಸ್ ಎಂಬ ಪುಟ್ಟ ಭಾಗವಿದೆ. ಅದರ ಹೊರಕವಚದಲ್ಲಿ ಮಾತ್ರ ಎ2ಎ ತೆಗೆದುಹಾಕಿದರೂ ಸಾಕು, ಕೆಫೀನ್ ಇಲಿಗಳನ್ನು ಎಬ್ಬಿಸಲು ಸೋಲುತ್ತದೆ. ಆಸಕ್ತಿಯ ಕೇಂದ್ರವೇ ಎಚ್ಚರದ ಕೀಲಿಯನ್ನೂ ಹಿಡಿದಿದೆ ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಮನಸ್ಸಿಗೆ ಹಿಡಿಸಿದ ಕೆಲಸದಲ್ಲಿ ಮುಳುಗಿದಾಗ ನಿದ್ದೆ ಹತ್ತಿರ ಸುಳಿಯದಿರುವುದೂ, ಬೇಸರದಲ್ಲಿ ಕಣ್ಣು ತೂಗುವುದೂ ನೆನಪಾಗುತ್ತದೆ.

ಕೆಫೀನ್ ವಿಷಯ ಬಂದಿದ್ದರಿಂದ, ಎಲ್ಲ ಕಡೆಯೂ ಕೇಳುವ ಒಂದೆರಡು ಪ್ರಶ್ನೆಗಳಿಗೆ ಇಲ್ಲಿಯೇ ಉತ್ತರಿಸಿ ಮುಂದೆ ಹೋಗುತ್ತೇನೆ. ಕೆಫೀನ್ ಶಕ್ತಿ ಕೊಡುತ್ತದೆಯೇ? ಇಲ್ಲ. ಅದರ ಅಣು ಅಡೆನೊಸಿನ್‌ನ ಒಂದು ಭಾಗವನ್ನು ಹೋಲುತ್ತದೆ. ಆಸನದಲ್ಲಿ ಕೂರುವಷ್ಟು ಹೋಲಿಕೆ ಇದೆ, ಗ್ರಾಹಿಯನ್ನು ಕದಲಿಸುವಷ್ಟು ಇಲ್ಲ. ಕೂತಿರುವಷ್ಟು ಹೊತ್ತು ಅಡೆನೊಸಿನ್‌ಗೆ ಜಾಗವಿಲ್ಲ. ರಸೀದಿಗಳು ಹೊರಗೆ ರಾಶಿ ಬೀಳುತ್ತಲೇ ಇರುತ್ತವೆ, ಓದುವವರಿಲ್ಲ. ಸಂಜೆ ಕುಡಿದರೆ ತೊಂದರೆಯೇ? ವಯಸ್ಕರ ದೇಹದಲ್ಲಿ ಅದರ ಅರ್ಧಾಯುಷ್ಯ ಸುಮಾರು 5 ಗಂಟೆ. ಸಂಜೆ 6ಕ್ಕೆ ಕುಡಿದದ್ದರಲ್ಲಿ ಅರ್ಧದಷ್ಟು ರಾತ್ರಿ 11ಕ್ಕೂ ಒಳಗಿರುತ್ತದೆ. ಧೂಮಪಾನ ಮಾಡುವವರಲ್ಲಿ ಅದು ಬೇಗ ಕರಗುತ್ತದೆ, ಗರ್ಭಿಣಿಯರಲ್ಲಿ ಬಹಳ ನಿಧಾನ. ಬಿಟ್ಟಾಗ ತಲೆನೋವು ಏಕೆ? ಅಡೆನೊಸಿನ್ ಮೆದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ ಎಂದೆನಲ್ಲ, ದಿನವೂ ಅದನ್ನು ತಡೆಯುತ್ತಿದ್ದ ಕೆಫೀನ್ ಇದ್ದಕ್ಕಿದ್ದಂತೆ ಇಲ್ಲವಾದರೆ ನಾಳಗಳು ಒಮ್ಮೆಲೇ ಹಿಗ್ಗುತ್ತವೆ. ಸಾಮಾನ್ಯವಾಗಿ ಬಿಟ್ಟ 12ರಿಂದ 24 ಗಂಟೆಗಳಲ್ಲಿ ನೋವು ಶುರುವಾಗಿ, ಕೆಲವು ದಿನಗಳಲ್ಲಿ ತಾನಾಗಿ ಹೋಗುತ್ತದೆ.

ಇದೇ ಕೆಫೀನ್ ತಿಂಗಳು ತುಂಬದೆ ಹುಟ್ಟಿದ ಶಿಶುಗಳಿಗೆ ಔಷಧ. ಅವುಗಳ ಉಸಿರಾಟದ ಕೇಂದ್ರ ಇನ್ನೂ ಬಲಿತಿರುವುದಿಲ್ಲ, ಉಸಿರು ನಡುನಡುವೆ ನಿಂತುಬಿಡುತ್ತದೆ. ಅಲ್ಲಿ ಅಡೆನೊಸಿನ್‌ನ ಕಡಿವಾಣವನ್ನು ಸಡಿಲಿಸಿದರೆ ಉಸಿರು ನಡೆಯುತ್ತದೆ. ಒಂದು ಅಂಗೈಯಲ್ಲಿ ಹಿಡಿಸುವಂಥ ಮಗುವಿನ ಎದೆ, ಔಷಧ ಕೊಟ್ಟ ಮೇಲೆ ಒಂದೇ ಸಮನೆ ಏರಿಳಿಯುವುದನ್ನು ನಾನು ನಿಂತು ನೋಡಿದ್ದೇನೆ. ಪ್ರಯೋಗಾಲಯದಲ್ಲಿ ಅಷ್ಟು ವರ್ಷ ಗೆರೆಯಾಗಿ ಕಂಡದ್ದು ಅಲ್ಲಿ ಉಸಿರಾಗಿ ಕಂಡಿತು.

ಸ್ಟ್ರಯೇಟಮ್‌ಗೆ ಮರಳುತ್ತೇನೆ, ಏಕೆಂದರೆ ಈ ಕ್ಷೇತ್ರದಿಂದ ಮೆದುಳಿನ ರೋಗವೊಂದಕ್ಕೆ ಹುಟ್ಟಿದ ಔಷಧ ಅಲ್ಲಿ ಕೆಲಸ ಮಾಡುತ್ತದೆ. ಪಾರ್ಕಿನ್ಸನ್ ರೋಗದಲ್ಲಿ, ಚಲನೆಗೆ ಬೇಕಾದ ಡೋಪಮೈನ್ ಎಂಬ ಸಂದೇಶದ ಅಣುವನ್ನು ಉಣಿಸುವ ಕೋಶಗಳು ಸಾಯುತ್ತವೆ. ಸ್ಟ್ರಯೇಟಮ್‌ನಲ್ಲಿ ಚಲನೆಯನ್ನು ತಡೆಯುವ ದಾರಿಯ ಕೋಶಗಳಿವೆ. ಅವುಗಳ ಮೇಲೆ ಡೋಪಮೈನ್‌ನ ಡಿ2 ಗ್ರಾಹಿ ಮತ್ತು ಅಡೆನೊಸಿನ್‌ನ ಎ2ಎ ಗ್ರಾಹಿ ಮಗ್ಗುಲು ಮಗ್ಗುಲಲ್ಲೇ ಕುಳಿತಿವೆ. ಡಿ2 ಆ ಕೋಶವನ್ನು ತಣಿಸುತ್ತದೆ, ಎ2ಎ ಕೆರಳಿಸುತ್ತದೆ. ತಕ್ಕಡಿಯ ಎರಡು ತಟ್ಟೆಗಳು. ಡೋಪಮೈನ್ ಇಲ್ಲವಾದಾಗ ಒಂದು ತಟ್ಟೆ ಬರಿದಾಗಿ, ಎ2ಎ ಇರುವ ಕಡೆ ತೂಗಿಬಿಡುತ್ತದೆ. ತಡೆಯುವ ದಾರಿ ಬಲವಾಗಿ, ಎದ್ದು ಒಂದು ಹೆಜ್ಜೆ ಇಡುವುದೂ ಕಷ್ಟವಾಗುತ್ತದೆ. ಕಳೆದುಹೋದದ್ದನ್ನು ಲೆವೊಡೋಪಾ ಮಾತ್ರೆಯಿಂದ ತುಂಬುತ್ತೇವೆ. ವರ್ಷಗಳು ಕಳೆದಂತೆ ಮಾತ್ರೆಯ ಪ್ರಭಾವ ಮುಂದಿನ ಮಾತ್ರೆಯವರೆಗೆ ನಿಲ್ಲುವುದಿಲ್ಲ. ನಡುವೆ ದೇಹ ಮರಗಟ್ಟುವ ಗಂಟೆಗಳು ಬರುತ್ತವೆ.

ಬರಿದಾದ ತಟ್ಟೆಗೆ ಹಾಕುವ ಬದಲು ಎದುರಿನ ತಟ್ಟೆಯಿಂದ ತೆಗೆದರೆ ಹೇಗೆ? ಇಸ್ಟ್ರಾಡೆಫಿಲಿನ್ ಮಾಡುವುದು ಇದನ್ನೇ. ರಾಸಾಯನಿಕವಾಗಿ ಅದು ಕೆಫೀನ್‌ನ ದೂರದ ಬಂಧು, ಆದರೆ ಎ2ಎ ಮೇಲೆ ಮಾತ್ರ ಗುರಿಯಿಟ್ಟಿದೆ. 2013ರಲ್ಲಿ ಜಪಾನ್, 2019ರಲ್ಲಿ ಅಮೆರಿಕ ಅದನ್ನು ಲೆವೊಡೋಪಾ ಜೊತೆಗೆ ಕೊಡಲು ಒಪ್ಪಿಗೆ ನೀಡಿದವು. ಮರಗಟ್ಟಿದ ಗಂಟೆಗಳನ್ನು ಅದು ಒಂದಿಷ್ಟು ಕಡಿಮೆ ಮಾಡುತ್ತದೆ. ರೋಗವನ್ನು ನಿಲ್ಲಿಸುವುದಿಲ್ಲ. ದಿನದಲ್ಲಿ ಅರ್ಧ ಮುಕ್ಕಾಲು ಗಂಟೆ ತನ್ನ ಕೈ ತನ್ನ ಮಾತು ಕೇಳುವುದು ಎಂದರೇನು ಎಂಬುದನ್ನು ಈ ರೋಗಿಗಳ ಮನೆಯವರನ್ನು ಕೇಳಬೇಕು.

ಹಾಗಾದರೆ ಕಾಫಿಯನ್ನೇ ಕುಡಿಸಬಹುದಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೊನೊಲುಲುವಿನಲ್ಲಿ 8,004 ಪುರುಷರನ್ನು 30 ವರ್ಷಗಳ ಕಾಲ ಗಮನಿಸಿದ ಅಧ್ಯಯನ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಹೆಚ್ಚು ಕಾಫಿ ಕುಡಿಯುತ್ತಿದ್ದವರಲ್ಲಿ ಪಾರ್ಕಿನ್ಸನ್ ಕಡಿಮೆ ಕಂಡುಬಂತು. ಬೇರೆ ಕಡೆಗಳಲ್ಲೂ ಇಂಥ ಫಲಿತಾಂಶ ಬಂದಿದೆ. ಆದರೆ ಈಗಾಗಲೇ ರೋಗವಿರುವವರಿಗೆ ಕೆಫೀನ್ ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಚಲನೆ ಸುಧಾರಿಸಲಿಲ್ಲ. ಈ ಎರಡನೆಯ ಸುದ್ದಿ ಮೊದಲನೆಯದರಷ್ಟು ಹರಡುವುದಿಲ್ಲ, ಅದಕ್ಕೇ ಎರಡನ್ನೂ ಒಟ್ಟಿಗೆ ಹೇಳುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ. ರೋಗ ಬಾರದಿರುವುದು ಬೇರೆ, ಬಂದ ರೋಗ ವಾಸಿಯಾಗುವುದು ಬೇರೆ.

ನನ್ನ ಮನಸ್ಸು ಹೆಚ್ಚು ನೆಟ್ಟಿರುವುದು ಅಪಸ್ಮಾರದ ಮೇಲೆ. ಸೆಳವು ಎಂದರೆ ಸಾವಿರಾರು ನರಕೋಶಗಳು ಒಂದೇ ತಾಳಕ್ಕೆ ಬಿದ್ದು ಶಕ್ತಿಯನ್ನು ಸೂರೆ ಮಾಡುವುದು. ಅಷ್ಟು ಖರ್ಚಾದರೆ ಎಷ್ಟು ರಸೀದಿ ಬೀಳಬೇಕು! 1992ರಲ್ಲಿ ಡ್ಯೂರಿಂಗ್ ಮತ್ತು ಸ್ಪೆನ್ಸರ್, ಶಸ್ತ್ರಚಿಕಿತ್ಸೆಗೆ ಮುನ್ನ ಎಲೆಕ್ಟ್ರೋಡ್ ಅಳವಡಿಸಿದ್ದ ರೋಗಿಗಳ ಹಿಪೊಕ್ಯಾಂಪಸ್‌ನಲ್ಲೇ ಅದನ್ನು ಅಳೆದರು. ಸೆಳವಿನ ವೇಳೆ ಅಡೆನೊಸಿನ್ ಹಲವು ಪಟ್ಟು ಏರಿತ್ತು, ಸೆಳವು ನಿಂತ ಮೇಲೂ ಸ್ವಲ್ಪ ಹೊತ್ತು ಏರಿದ ಮಟ್ಟದಲ್ಲೇ ಇತ್ತು. ಬಹುತೇಕ ಸೆಳವುಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿ ನಿಲ್ಲುವುದೂ, ಬಳಿಕ ರೋಗಿ ಮಂಪರಿನಲ್ಲಿರುವುದೂ ಇದೇ ಕಡಿವಾಣದಿಂದ ಎಂದು ನಂಬಲು ಬಲವಾದ ಕಾರಣಗಳಿವೆ.

ಒಮ್ಮೆ ಇಂಥದೇ ಉಪನ್ಯಾಸ ಮುಗಿದ ಮೇಲೆ, ಮಗನನ್ನು ಪಕ್ಕದಲ್ಲಿ ಹಿಡಿದುಕೊಂಡು ತಾಯಿಯೊಬ್ಬರು ಬಂದರು. "ಮದ್ದು ಒಳಗೇ ಇದೆ ಎನ್ನುತ್ತೀರಿ ಮೇಡಂ, ಅದನ್ನೇ ಮಾತ್ರೆ ಮಾಡಿ ಕೊಡಬಾರದೇ?" ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ. ಅಡೆನೊಸಿನ್ ರಕ್ತದಲ್ಲಿ ಕೆಲವು ಸೆಕೆಂಡು ಮಾತ್ರ ಉಳಿಯುತ್ತದೆ. ಹೆಚ್ಚು ಹೊತ್ತು ಉಳಿಯುವ, ಎ1 ಗ್ರಾಹಿಯನ್ನು ಕೆಲಸಕ್ಕೆ ಹಚ್ಚುವ ವಸ್ತುಗಳನ್ನು ರಸಾಯನಜ್ಞರು ಮಾಡಿದ್ದಾರೆ, ಪ್ರಾಣಿಗಳಲ್ಲಿ ಅವು ಸೆಳವನ್ನು ಚೆನ್ನಾಗಿಯೇ ತಡೆಯುತ್ತವೆ. ಆದರೆ ತುರ್ತು ಕೋಣೆಯ ಆ ಚಪ್ಪಟೆ ಗೆರೆಯನ್ನು ನೆನಪಿಸಿಕೊಳ್ಳಿ. ಅದೇ ಎ1 ಹೃದಯದಲ್ಲಿಯೂ ಇದೆ. ಮೆದುಳನ್ನು ಸುಮ್ಮನಾಗಿಸುವ ಮಾತ್ರೆ ಹೃದಯವನ್ನೂ ನಿಧಾನಿಸುತ್ತದೆ, ರಕ್ತದೊತ್ತಡವನ್ನು ಇಳಿಸುತ್ತದೆ. ಮಗುವಿಗೆ ಅಂಥದ್ದನ್ನು ಕೊಡಲಾಗುವುದಿಲ್ಲ.

ಆದ್ದರಿಂದ ಹೊರಗಿನಿಂದ ಸುರಿಯುವ ಬದಲು, ಇರುವುದನ್ನು ಇರುವ ಜಾಗದಲ್ಲೇ ಉಳಿಸಿಕೊಳ್ಳುವ ದಾರಿ ಹುಡುಕುತ್ತಿದ್ದೇವೆ. ಮೆದುಳಿನಲ್ಲಿ ನರಕೋಶಗಳ ಜೊತೆಗೆ ನಕ್ಷತ್ರದಾಕಾರದ ಆಸ್ಟ್ರೊಸೈಟ್ ಎಂಬ ಕೋಶಗಳಿವೆ. ಅವುಗಳಲ್ಲಿ ಅಡೆನೊಸಿನ್ ಕೈನೇಸ್ ಎಂಬ ಕಿಣ್ವವಿದೆ. ಅದು ಅಡೆನೊಸಿನ್‌ಗೆ ಒಂದು ಫಾಸ್ಫೇಟ್ ಅಂಟಿಸಿ ಮತ್ತೆ ಖಜಾನೆಗೆ ಸೇರಿಸುತ್ತದೆ, ರಸೀದಿಗಳನ್ನು ಗುಡಿಸುವ ಪೊರಕೆಯಂತೆ. ಪದೇ ಪದೇ ಸೆಳವು ಹುಟ್ಟುವ ಜಾಗದಲ್ಲಿ ಆಸ್ಟ್ರೊಸೈಟುಗಳು ಊದಿಕೊಂಡು ಈ ಕಿಣ್ವವನ್ನು ವಿಪರೀತ ಮಾಡುತ್ತವೆ ಎಂದು ಡೆಟ್ಲೆವ್ ಬೋಯಿಸನ್ ಮತ್ತು ಅವರ ಸಂಗಡಿಗರ ಕೆಲಸ ತೋರಿಸಿಕೊಟ್ಟಿದೆ. ಕಡಿವಾಣ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಅದನ್ನು ಗುಡಿಸಿ ಹಾಕಲಾಗುತ್ತಿದೆ. ಆ ಒಂದು ಜಾಗದಲ್ಲಿ, ಆ ಒಂದು ಕಿಣ್ವವನ್ನು ತಗ್ಗಿಸಿದರೆ ಇಲಿಗಳಲ್ಲಿ ಸೆಳವು ಕಡಿಮೆಯಾಗುತ್ತದೆ. ಹೃದಯಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಇನ್ನೊಂದು ಬಾಗಿಲು ಆಹಾರ. ಔಷಧಕ್ಕೆ ಬಗ್ಗದ ಮಕ್ಕಳ ಅಪಸ್ಮಾರಕ್ಕೆ, ಪಿಷ್ಟ ಬಹಳ ಕಡಿಮೆ ಮತ್ತು ಕೊಬ್ಬು ಬಹಳ ಹೆಚ್ಚಿರುವ ಕೀಟೋಜೆನಿಕ್ ಪಥ್ಯವನ್ನು ವೈದ್ಯರು 1920ರ ದಶಕದಿಂದಲೂ ಬಳಸುತ್ತಿದ್ದಾರೆ. ಇಲಿಗಳಲ್ಲಿ ಆ ಪಥ್ಯ ಕೆಲಸ ಮಾಡುವುದು ಎ1 ಗ್ರಾಹಿಯ ಮೂಲಕ ಎಂದು 2011ರಲ್ಲಿ ಗೊತ್ತಾಯಿತು. ಎ1 ಇಲ್ಲದ ಇಲಿಗಳಿಗೆ ಪಥ್ಯದಿಂದ ಪ್ರಯೋಜನವಾಗಲಿಲ್ಲ. ಇದನ್ನು ಯಾರೂ ವೈದ್ಯರನ್ನು ಕೇಳದೆ ಮನೆಯಲ್ಲಿ ಪ್ರಯತ್ನಿಸಬಾರದು. ಅದು ಊಟವಲ್ಲ, ಚಿಕಿತ್ಸೆ.

ಆ ತಾಯಿ ಎಲ್ಲವನ್ನೂ ಕೇಳಿಸಿಕೊಂಡು, ಎಷ್ಟು ವರ್ಷ ಬೇಕಾಗಬಹುದು ಎಂದರು. ಸುಳ್ಳು ಭರವಸೆ ಕೊಡಲು ನನಗೆ ಬಾಯಿ ಬರಲಿಲ್ಲ. ಯಾವ ಕೆಲಸ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನಷ್ಟೇ ಹೇಳಿದೆ.

ಕೊನೆಯದಾಗಿ, ಮೊದಲು ತೋರಿಸಿದ ಸೀಳಿನ ಬಳಿಗೇ ಹೋಗೋಣ. ಇಷ್ಟು ದಿನ ನಾವು ಅಡೆನೊಸಿನ್ ಅನ್ನು ಕಣ್ಣಾರೆ ಕಂಡವರಲ್ಲ. ಗೆರೆ ಚಪ್ಪಟೆಯಾಯಿತು, ಆದ್ದರಿಂದ ಅಡೆನೊಸಿನ್ ಬಂದಿರಬೇಕು ಎಂದು ಊಹಿಸುತ್ತಿದ್ದೆವು. ಹೊಗೆ ಕಂಡು ಬೆಂಕಿ ಎಂದಂತೆ. 2020ರಲ್ಲಿ ಚೀನಾದ ವಿಜ್ಞಾನಿಗಳು ಒಂದು ಹೊಸ ಸಾಧನವನ್ನು ಪ್ರಕಟಿಸಿದರು. ಅವರು ಮಾಡಿದ್ದು ಹೀಗೆ: ಎ2ಎ ಗ್ರಾಹಿಯನ್ನೇ ತೆಗೆದುಕೊಂಡು, ಅದರ ಒಳಬದಿಯ ಒಂದು ಕುಣಿಕೆಯಲ್ಲಿ ಹಸಿರು ಹೊಳೆಯುವ ಪ್ರೋಟೀನನ್ನು ಹೆಣೆದರು. ಅಡೆನೊಸಿನ್ ಬಂದು ಕೂತು ಗ್ರಾಹಿಯ ಆಕಾರ ಬದಲಾದ ಕೂಡಲೇ ಹಸಿರು ಹೆಚ್ಚು ಹೊಳೆಯುತ್ತದೆ. ಮೆದುಳು ತಾನು ಕೇಳಿಸಿಕೊಳ್ಳಲು ಇಟ್ಟುಕೊಂಡ ಕಿವಿಯನ್ನೇ ನಮ್ಮ ಕಣ್ಣಾಗಿ ಮಾಡಿಕೊಂಡರು. ಅದರಿಂದ ಅವರು ಓಡಾಡುವ, ಮಲಗುವ ಇಲಿಯ ಮುಮ್ಮೆದುಳಿನಲ್ಲಿ ಅಡೆನೊಸಿನ್ ಏರಿಳಿಯುವುದನ್ನು ನೇರವಾಗಿ ಕಂಡರು. ದಿನವಿಡೀ ನಿಧಾನಕ್ಕೆ ತುಂಬುವ ಕೊಡ ಎಂದು ನಾವು ಭಾವಿಸಿದ್ದು, ನರಕೋಶಗಳ ಚಟುವಟಿಕೆಯ ಬೆನ್ನಿಗೇ ಚುರುಕಾಗಿ ಏರುತ್ತ ಇಳಿಯುತ್ತ ಇತ್ತು. ಆ ಏರಿಕೆಗೆ ಹೆಚ್ಚಿನ ಪಾಲು ಕೊಡುವುದು ಗ್ಲುಟಮೇಟ್ ಎಂಬ, ಕೋಶಗಳನ್ನು ಕೆರಳಿಸುವ ಸಂದೇಶವನ್ನು ಚೆಲ್ಲುವ ನರಕೋಶಗಳು ಎಂಬುದೂ ತಿಳಿಯಿತು.

ಈಗ ನಮ್ಮ ಪ್ರಯೋಗಾಲಯದ ಮೇಜಿನ ಮೇಲೆ ಎರಡು ಪರದೆಗಳಿವೆ. ಎಡಗಡೆಯದರಲ್ಲಿ ಹಳೆಯ ಗೆರೆ, 15 ಸೆಕೆಂಡಿಗೊಮ್ಮೆ ಬಾಗಿ ಏಳುತ್ತಿರುತ್ತದೆ. ಬಲಗಡೆಯದರಲ್ಲಿ ಅದೇ ಸೀಳಿನ ಕಪ್ಪು ಚಿತ್ರ. ಕೊಳವೆಯನ್ನು ತಿರುಗಿಸಿ ಆಮ್ಲಜನಕ ನಿಲ್ಲಿಸುತ್ತೇವೆ. ಎಡಗಡೆಯ ಗೆರೆ ಇನ್ನೂ ಮೊದಲಿನಂತೆಯೇ ಬಾಗುತ್ತಿರುತ್ತದೆ. ಬಲಗಡೆಯ ಕಪ್ಪಿನಲ್ಲಿ ಮೊದಲ ಹಸಿರು ಯಾವ ಕೋಶದ ಪಕ್ಕದಲ್ಲಿ ಮೂಡುತ್ತದೆ, ನರಕೋಶದ ಪಕ್ಕದಲ್ಲೋ ಆಸ್ಟ್ರೊಸೈಟಿನ ಪಕ್ಕದಲ್ಲೋ ಎಂದು ನಾನೂ ನನ್ನ ವಿದ್ಯಾರ್ಥಿಗಳೂ ಉಸಿರು ಬಿಗಿಹಿಡಿದು ನೋಡುತ್ತ ಕೂರುತ್ತೇವೆ.